ಗಾಜಿನಲ್ಲಿ ಮೂಡಿದ ಮರಗಳು

ಕ್ಯಾಮೆರಾದ ಕಪ್ಪು ಬಟ್ಟೆಯೊಳಗಿಂದ ತಲೆ ಹೊರಗೆಳೆದುಕೊಂಡು ಸಿದ್ದಬಸಪ್ಪ, ‘ಇವತ್ತಾಗಂಗಿಲ್ಲ’ ಅಂದ.

ಹೊಸ ಹೆಂಡತಿಯ ಪಕ್ಕ ಬಿಗಿಯಾಗಿ ನಿಂತಿದ್ದ ಮಾರೆಣ್ಣ ಕೇಳಿದ: ‘ಯಾಕ್ರಿ? ಬೆಳಕು ಬೇಕಾದಷ್ಟೈತಲ್ಲ.’

‘ಕ್ಯಾಮೆರಾ ಕೆಟ್ಟೈತಿ.’

ಕೆಟ್ಟಿರಲಿಲ್ಲ. ಕ್ಯಾಮೆರಾದ ಹಿಂಬದಿಯ ಗಾಜಿನಲ್ಲಿ ತಲೆಕೆಳಗಾಗಿ ಮೂಡಿದ ಆ ಹುಡುಗಿಯ ಕಣ್ಣು ಮುಚ್ಚಿದಂತೆ ಕಂಡಿತ್ತು, ಅಷ್ಟೆ. ನಾಲ್ಕು ತಿಂಗಳಿಂದ ಅವನಿಗೆ ಆ ಗಾಜಿನಲ್ಲಿ ಎಲ್ಲರ ಕಣ್ಣೂ ಹಾಗೆಯೇ.

ನಾಲ್ಕು ತಿಂಗಳ ಹಿಂದೆ ಅವನ ಹೆಂಡತಿ ವೀರಬಸಮ್ಮ ತೀರಿಕೊಂಡಾಗ, ವಿಭೂತಿ ಹಚ್ಚಿ ಗೋಡೆಗೊರಗಿಸಿ ಕೂರಿಸಿದ್ದರು. ಫೋಟೋ ನೀನೇ ತೆಗಿ ಅಂದರು ಬೀಗರು. ತೆಗೆದ. ಅಭ್ಯಾಸಬಲದಿಂದ, ‘ಅಲುಗಾಡಬ್ಯಾಡ’ ಅಂದೂಬಿಟ್ಟ. ಯಾರೂ ನಗಲಿಲ್ಲ.

ಇವತ್ತು ಮಾರೆಣ್ಣನ ಜೋಡಿಯನ್ನು ಕಳಿಸಿ, ಸ್ಟುಡಿಯೋಕ್ಕೆ ಬೀಗ ಹಾಕಿ, ಕ್ಯಾಮೆರಾ ಹೊತ್ತು ಹೊಳಗುಂದದ ಬಸ್ಸು ಹತ್ತಿದ. ಗುಡ್ಡದ ಹತ್ತಿರ ಇಳಿದು ಕುರುಚಲು ಕಾಡು ಹೊಕ್ಕ. ಜಾಲಿ, ಬೇವು, ಎಲೆಯುದುರಿದ ಮುತ್ತುಗ. ಗಾಜಿನಲ್ಲಿ ಅವೂ ತಲೆಕೆಳಗೇ. ಆದರೆ ಮರಕ್ಕೆ ಮುಚ್ಚಲು ಕಣ್ಣಿಲ್ಲ. ಫೋಟೋ ಮೂಡುವ ಗಾಜಿನ ಪ್ಲೇಟು ಎರಡನ್ನು ಮರಗಳಿಗೇ ಮುಗಿಸಿದ. ಬಿ.ಎ. ಓದಿದವನಿಗೂ ಇದನ್ನು ಯಾರಿಗೂ ವಿವರಿಸಲು ಬರುತ್ತಿರಲಿಲ್ಲ. ವಿವರಿಸಬೇಕೆಂದು ಇಲ್ಲಿ ಯಾರೂ ಕೇಳುತ್ತಲೂ ಇರಲಿಲ್ಲ.

ಆಡು ಮೇಯಿಸುವ ಮುದುಕಿ ಸುಂಕಲಮ್ಮ ಮಾತ್ರ ಕೇಳಿದಳು.

‘ಮತ್ತ ಗಿಡದ ಫೋಟೋನಾ? ಹಿಡಿದಿಟ್ಟುಕೊಳ್ಳಾಕ ಅದೇನ್ ಎಲ್ಲಿಗರ ಹೋಗ್ತೈತೇನ್ರಿ?’

‘ಹೋಗಂಗಿಲ್ಲ. ಅದಕ್ಕ.’

‘ಹಂಗಾರ ನಂದೊಂದು ತೆಗೀರಿ. ನಾ ಹೋಗಾಕಿ.’

ಬೇವಿನ ಬುಡಕ್ಕೆ ಒರಗಿ ಕೂತೇಬಿಟ್ಟಳು. ಇಲ್ಲವೆನ್ನಲು ಬಾಯಿ ತೆರೆದವನು ಬಟ್ಟೆಯೊಳಗೆ ತಲೆ ಹಾಕಿದ. ಗಾಜಿನಲ್ಲಿ ಅವಳ ಕಣ್ಣು ತೆರೆದಿದ್ದವು. ಅಗಲವಾಗಿ, ತುಸು ಕುತೂಹಲದಿಂದ.

ನೆರಳು ದಟ್ಟವಾಗಿತ್ತು, ಹತ್ತು ಎಣಿಸುವವರೆಗೆ ಲೆನ್ಸು ತೆರೆದಿಡಬೇಕು. ಲೆನ್ಸು ಮುಚ್ಚಿ, ಹೊಸ ಪ್ಲೇಟು ಹಾಕಿ, ಮುಚ್ಚಳ ತೆಗೆದ. ಎರಡು ಎಣಿಸುವಷ್ಟರಲ್ಲಿ ಆಡೊಂದು ಅರಚಿತು. ಸುಂಕಲಮ್ಮ ಎದ್ದು ಅತ್ತ ಓಡಿದಳು. ಸಿದ್ದಬಸಪ್ಪ ಕೂಗಲಿಲ್ಲ, ಮುಚ್ಚಳವನ್ನೂ ಹಾಕಲಿಲ್ಲ. ಹತ್ತರವರೆಗೆ ಎಣಿಸಿದ.

ಸಂಜೆ ಸ್ಟುಡಿಯೋದ ಕತ್ತಲೆಕೋಣೆಯ ಕೆಂಪು ಬೆಳಕಿನಲ್ಲಿ ಪ್ಲೇಟು ತೊಳೆಯುವಾಗ ಅವನಿಗೆ ಹಸಿವಾಯಿತು. ಎಷ್ಟೋ ದಿನದ ಮೇಲೆ, ಊಟ ಬೇಕೆನಿಸುವಂಥ ಹಸಿವು. ಗಾಜಿನಲ್ಲಿ ಟೊಂಗೆ, ಎಲೆ, ಇರುವೆಗೂಡು ಒಂದೊಂದಾಗಿ ಮೂಡಿದವು. ಬುಡದ ಬಳಿ, ಸುಂಕಲಮ್ಮ ಕೂತಿದ್ದಲ್ಲಿ, ಬೆರಳಲ್ಲಿ ಒರೆಸಿದಂಥ ಮಬ್ಬು. ದೀಪಕ್ಕೆ ಹಿಡಿದು ಹತ್ತಿರದಿಂದ ನೋಡಿದ.

ಅವಳ ಮುಖವಿರಬೇಕಾದಲ್ಲಿ ಬೇವಿನ ತೊಗಟೆ, ಬಿರುಕು ಬಿರುಕೂ ಸ್ಪಷ್ಟವಾಗಿ.