ಮರುಭೂಮಿಗೆ ಹೊರಡುವ ಮುಂಚೆ ಒಡೆಸ್ಸಾ ಕೇಳಿದ್ದು

ಒಡೆಸ್ಸಾ ಪ್ರೂಯಿಟ್ ಟೆಕ್ಸಸ್‌ನ ಒಂದು ಸೇನಾ ನೆಲೆಯಲ್ಲಿ ಲಾರಿ ಓಡಿಸುವವಳು. ಹೋದ ಬೇಸಿಗೆಯ ತರಬೇತಿಯಲ್ಲಿ ಸ್ಟಿಯರಿಂಗ್ ಹಿಡಿದಿರುವಾಗಲೇ ಅವಳಿಗೆ ತಲೆ ಸುತ್ತಿತು. ಲಾರಿ ಹಳ್ಳಕ್ಕಿಳಿಯಿತು. ಪಕ್ಕದಲ್ಲಿದ್ದ ಸಿಪಾಯಿಯ ತೋಳು ಮುರಿಯಿತು.

"ಬಿಸಿಲಿಗೆ ಹಾಗಾಯ್ತು" ಎಂದು ಎಲ್ಲರಿಗೂ ಹೇಳಿದಳು. ಆದರೆ ಅಂದು ಅವಳ ಮುಟ್ಟಿನ ಎರಡನೇ ದಿನ. ವಿಪರೀತ ಸ್ರಾವ. ಮೂತ್ರಕ್ಕೆ ಹೋಗಬೇಕು, ತನಗಾಗಿ ಲಾರಿಗಳ ಸಾಲನ್ನೇ ನಿಲ್ಲಿಸಿ ಎನ್ನಲು ನಾಚಿಕೆಪಟ್ಟು, ಬೆಳಗಿನಿಂದ ನೀರೇ ಕುಡಿದಿರಲಿಲ್ಲ.

ಈಗ ಒಂಬತ್ತು ತಿಂಗಳು ಮರುಭೂಮಿಗೆ ಹೋಗಬೇಕು. ಹೊರಡಲು ಮೂರು ತಿಂಗಳಿತ್ತು. ಊಟಕ್ಕೆ ಕೂತಾಗ, ವೈದ್ಯಕೀಯ ದಳದ ಗೆಳತಿ ಯೆಸೇನಿಯಾಗೆ ನಿಜ ಹೇಳಿಬಿಟ್ಟಳು.

"ಆಗಲೇ ಹೇಳಬಾರದಿತ್ತೇನೇ ಮಾರಾಯ್ತಿ? ಗರ್ಭನಿರೋಧಕದ ಕ್ಲಿನಿಕ್‌ಗೆ ಹೋಗು."

"ಅಲ್ಲಿಗಾ? ಗಂಡ ಇಲ್ಲಿರ್ತಾನೆ, ನಾನು ಮರುಭೂಮೀಲಿರ್ತೀನಿ. ನೋಡಿದೋರು ಏನಂದ್ಕೋತಾರೆ?"

"ಅಂದ್ಕೊಳ್ಳೋರು ಬಂದು ನಿನ್ನ ಲಾರಿ ಓಡಿಸ್ತಾರಾ? ಅದು ಬರೀ ಬಸಿರು ತಡೆಯೋಕಲ್ಲ ಕಣೇ. ಕೆಲವು ಸಾಧನ ಹಾಕಿಸಿಕೊಂಡ್ರೆ ಸ್ರಾವಾನೂ ಕಡಿಮೆ ಆಗುತ್ತೆ, ಕೆಲವರಿಗೆ ಮುಟ್ಟೇ ನಿಲ್ಲುತ್ತೆ."

ಒಡೆಸ್ಸಾ ಮುಂದಿದ್ದ ತಟ್ಟೆ ಸರಿಸಿದಳು. "ಮುಟ್ಟು ನಿಂತ್ರೆ ರಕ್ತ ಒಳಗೇ ತುಂಬ್ಕೊಳ್ಳಲ್ವಾ?"

"ಇಲ್ಲ. ಗರ್ಭಕೋಶದ ಒಳಪದರ ದಪ್ಪ ಆಗೋದೇ ಇಲ್ಲ. ತುಂಬ್ಕೊಳ್ಳೋಕೆ ಏನಿರುತ್ತೆ?"

"ಆಮೇಲೆ ಮಕ್ಕಳಾಗ್ತವಾ?"

"ತೆಗೆಸಿದ್ಮೇಲೆ ಆಗ್ತವೆ."

"ಗುಳಿಗೆಯಾದ್ರೆ?"

"ಅದೂ ಇದೆ. ಆದ್ರೆ ದಿನಾ ಮರೀದೆ ನುಂಗಬೇಕು, ಬಿಸಿಲಲ್ಲಿ ಇಡಬಾರದು. ನೀನು ಬೀಗದ ಕೈಯನ್ನೇ ಮರೆಯೋಳು!"

ಮನೆಯಲ್ಲಿ ಕ್ಲಿನಿಕ್‌ನ ವಿಷಯ ಕೇಳಿ ಗಂಡ ವೇಡ್ ಹುಬ್ಬೇರಿಸಿದ. "ಅಲ್ಲಿ ನಿನಗ್ಯಾಕೆ ಅದು?"

ಒಡೆಸ್ಸಾ ಹಳ್ಳಕ್ಕಿಳಿದ ಲಾರಿಯ ಕಥೆಯನ್ನು ಮೊದಲ ಬಾರಿ ಪೂರ್ತಿ ಹೇಳಿದಳು. ವೇಡ್ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ. ಆಮೇಲೆ, "ನೀರು ಕುಡೀದೇನೇ ಓಡಿಸ್ತಿದ್ಯಾ? ನಾಳೆ ನಾನೇ ಕರ್ಕೊಂಡು ಹೋಗ್ತೀನಿ" ಎಂದ.

ಕ್ಲಿನಿಕ್‌ನ ನರ್ಸ್ ಅವಳ ರಕ್ತದೊತ್ತಡ ನೋಡಿದರು, ಹಳೆಯ ಕಾಯಿಲೆಗಳನ್ನು ವಿಚಾರಿಸಿದರು, ಎಲ್ಲ ಸಾಧನಗಳನ್ನೂ ಮೇಜಿನ ಮೇಲೆ ಹರಡಿದರು. ಒಡೆಸ್ಸಾ ಒಂದೊಂದನ್ನೂ ಎತ್ತಿ ತಿರುಗಿಸಿ ನೋಡಿ, ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ಪುಟ್ಟ ಸಾಧನವನ್ನು ಆರಿಸಿಕೊಂಡಳು.

"ಸೋಂಕನ್ನ ಇದು ತಡೆಯಲ್ಲ, ಅದಕ್ಕೆ ಕಾಂಡೋಮ್ ಬೇಕು" ಎಂದ ನರ್ಸ್, ಆಲಿಕೆಯಂಥದ್ದೊಂದನ್ನು ಅವಳ ಕೈಗಿಟ್ಟರು. "ಇದಿದ್ರೆ ಲಾರಿ ಮರೆಯಲ್ಲಿ ನಿಂತೇ ಮೂತ್ರ ಮಾಡಬಹುದು. ಧಾರಾಳವಾಗಿ ನೀರು ಕುಡೀರಿ."

"ಇಷ್ಟು ವರ್ಷ ಗಂಡಸರೇ ಈ ಸುಖ ಪಟ್ಟಿದ್ದಾರಲ್ರೀ!" ಎಂದು ಒಡೆಸ್ಸಾ ನಕ್ಕಳು.

ಸಾಧನ ಹಾಕಿಸಿಕೊಂಡ ಮೊದಲ ಕೆಲವು ವಾರ ಹೊಟ್ಟೆ ಹಿಂಡಿತು, ಆಗಾಗ ರಕ್ತದ ಕಲೆ ಕಂಡಿತು. ನರ್ಸ್ ಮೊದಲೇ ಹೇಳಿದ್ದರಿಂದ ಅವಳು ಹೆದರಲಿಲ್ಲ. ಹೊರಡುವ ಹೊತ್ತಿಗೆ ಸ್ರಾವ ಹತೋಟಿಗೆ ಬಂದಿತ್ತು. ಮರುಭೂಮಿಯಲ್ಲಿ ಒಂಬತ್ತು ತಿಂಗಳೂ ಲಾರಿ ಓಡಿಸಿದಳು. ಒಮ್ಮೆಯೂ ತಲೆ ಸುತ್ತಲಿಲ್ಲ.

ಸಮವಸ್ತ್ರ ತೊಟ್ಟ ಅಕ್ಕ ತಂಗಿಯರೇ, ನಿಮ್ಮ ದೇಹದ ಬಗ್ಗೆ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗದಿರಬಹುದು. ಹೊರಡಲು ಇನ್ನೂ ಕೆಲವು ತಿಂಗಳಿರುವಾಗಲೇ ಕ್ಲಿನಿಕ್‌ಗೆ ಹೋಗಿ, ಮನಸ್ಸಿನಲ್ಲಿರುವ ಪ್ರಶ್ನೆಗಳನ್ನೆಲ್ಲ ಕೇಳಿ, ನಿಮಗೆ ಹೊಂದುವುದನ್ನು ನೀವೇ ಆರಿಸಿಕೊಳ್ಳಿ.