ಬಸ್ಸಮ್ಮನ ಫರಸಿ ಅಂಗಳದ ಪಾಠ

ತನ್ನ ಅಂಗಳದಲ್ಲಿ ವಾಡಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಇಟ್ಟರೂ ಇನ್ನೂ ಎರಡು ಎಮ್ಮೆ ಕಟ್ಟಲು ಜಾಗ ಉಳಿಯುತ್ತದೆ ಎಂದು ರಾವೂರದ ಮುದುಕಿ ಬಸ್ಸಮ್ಮ ಊರಿಗೆಲ್ಲ ಹೇಳಿಕೊಂಡು ಬಂದವಳು. "ಅರ್ಧ ಸುಳ್ಳದ," ಎಂದು ಆಮೇಲೆ ತಾನೇ ಒಪ್ಪುತ್ತಾಳೆ. "ಆದ್ರ ಎಮ್ಮಿ ಕಟ್ಟಲಿಕ್ಕ ಜಾಗ ಅದ, ಅದು ಖರೇ." ಗಂಡ ಇದ್ದಾಗ ಕಲ್ಲಿನ ಖಣಿಯಿಂದ ತಂದು ಹಾಸಿದ ಚಪ್ಪಟೆ ಫರಸಿ ಕಲ್ಲಿನ ಅಂಗಳ ಅದು.

ಕೊರೋನಾ ಬಂದು ಶಾಲೆಗೆ ಬೀಗ ಬಿದ್ದು ಆರು ತಿಂಗಳಾಗಿತ್ತು. ಪಕ್ಕದ ಮನೆಯ ಭಾಗಣ್ಣ, ಅವನ ಹೆಂಡತಿ ಇಬ್ಬರೂ ಕಲ್ಲಿನ ಖಣಿಗೆ ಹೋಗುವವರು. ಈಗ ಐದನೆಯ ತರಗತಿಯ ಮಗಳು ಜಯಮಾಲಾ ಕೂಡ ಹಿಂದೆ ಹೊರಟಿದ್ದಳು, ಸೊಂಟದ ಮೇಲೆ ತಂಗಿ ಕೂಸು. ಕೂಸು ಮಲಗಿದರೆ ಇವಳು ಕಲ್ಲಿನ ಚೂರು ಹೊರುತ್ತಿದ್ದಳು.

ಒಂದು ಐತವಾರ ತಾಜುನ್ನಿಸಾ ಟೀಚರು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಓಣಿಗೆ ಬಂದರು.

"ಭಾಗಣ್ಣಾ, ನಾಳಿಯಿಂದ ಓಣ್ಯಾಗೇ ಪಾಠ ಮಾಡ್ತೀವಿ. ಜಯಮಾಲಾಗ ಕಳಸ್ರಿ."

"ಪಾಠ ಯಾಕ್ರೀ ಟೀಚರ್? ಪರೀಕ್ಷಾ ಇಲ್ದೇನೇ ಪಾಸ್ ಮಾಡೀರಿ. ಮನ್ಯಾಗ ಕುಂತ್ರೂ ಪಾಸ್, ಖಣಿಗಿ ಹೋದ್ರೂ ಪಾಸ್!"

ಕಟ್ಟೆಯ ಮೇಲೆ ಕುಳಿತಿದ್ದ ಬಸ್ಸಮ್ಮ ಸುಮ್ಮನಿರುವಳೇ? "ನಿನ್ನ ಹೇಣತಿ ಅಡಗಿ ಮಾಡ್ದೇನೇ 'ನೀ ಉಂಡಿ' ಅಂದ್ರ ಹೊಟ್ಟಿ ತುಂಬ್ತದೇನೋ?"

"ನಗಬ್ಯಾಡ ಆಯಿ. ನನ್ನ ಮಗಳು ಚಟಾಚಟ ಓದ್ತಾಳ. ಏ ಜಯಮಾಲಾ, ಪುಸ್ತಕ ತಾ!"

ಜಯಮಾಲಾ ಪುಸ್ತಕ ತೆರೆದು ಬಾವಿಗೆ ಬಿದ್ದ ನರಿಯ ಪಾಠ ಹಿಡಿದಳು. ಒಂದೇ ಉಸಿರಿಗೆ ನರಿ ಬಿತ್ತು, ಕೂಗಿತು, ಮೇಲೆ ಬಂತು. ಭಾಗಣ್ಣನ ಎದೆ ಒಂದು ಗೇಣು ಉಬ್ಬಿತು. ಅವನಿಗೆ ಓದಲು ಬಾರದು, ಬಸ್ಸಮ್ಮನಿಗೂ ಬಾರದು. ಆದರೆ ಮುದುಕಿಯ ಕಣ್ಣು ಹದ್ದಿನ ಕಣ್ಣು.

"ತಡಿ ತಡಿ," ಎಂದಳು. "ನರಿ ಮ್ಯಾಲ ಬಂದು ಕಲಬುರಗಿ ಮುಟ್ಟ್ಯದ. ನಿನ್ನ ಬೆರಳು ಇನ್ನೂ ಮೊದಲನೇ ಸಾಲಿನ ಮ್ಯಾಲೇ ಅದಲ್ಲವ್ವಾ!"

ಟೀಚರು ಮೆಲ್ಲಗೆ ಬೇರೆ ಪುಟ ತೆಗೆದುಕೊಟ್ಟರು. ಜಯಮಾಲಾ ಪುಟ ನೋಡಿದಳು, ಅಪ್ಪನನ್ನು ನೋಡಿದಳು. ಕಣ್ಣಲ್ಲಿ ನೀರು ನಿಂತಿತು.

"ಬರವಲ್ದು ಅಪ್ಪಾ. ಅದು ಬಾಯಿಪಾಠ ಇತ್ತು. ಅಕ್ಷರ ಒಂದಕ್ಕೊಂದು ಕೂಡವಲ್ವು."

ಭಾಗಣ್ಣ ತಲೆ ತಗ್ಗಿಸಿದ. ಟೀಚರು ಬೈಯಲಿಲ್ಲ.

"ಆಕಿ ತಪ್ಪಲ್ಲ ಇದು. ಪಾಸ್ ಮಾಡಿದ್ದು ವರ್ಷ ಹಾಳಾಗಬಾರ್ದು ಅಂತ. ಕಲಿಯೋದು ಬಿಟ್ರ ಮರೀತದ. ಮರ್ತ ಮಕ್ಕಳು ಸಾಲಿ ತೆರದಾಗ ನಾಚಿಕೊಂಡು ಒಳಗೇ ಬರಾಂಗಿಲ್ಲ. ಹೆಸರು ಇನ್ನೂ ಹಾಜರಿ ಪುಸ್ತಕದಾಗ ಅದ. ಮೊಬೈಲ್ ಬ್ಯಾಡ, ಏನೂ ಬ್ಯಾಡ. ಹುಡುಗಿಗಿ ಕಳಸ್ರಿ ಸಾಕು."

"ಕಳಸ್ತೀನಿ ಅಂದ್ರ ಸಣ್ಣಾಕಿಗಿ ಯಾರು ನೋಡ್ಬೇಕ್ರೀ?" ಭಾಗಣ್ಣ ಕೇಳಿದ. "ನಾವಿಬ್ರೂ ಹೋಗಲಿಲ್ಲಂದ್ರ ಒಲಿ ಹತ್ತಂಗಿಲ್ಲ."

"ನಾ ಏನ್ ಸತ್ತೀನೇನೋ?" ಬಸ್ಸಮ್ಮ ಎದ್ದು ನಿಂತಳು. "ಹತ್ತು ಕೂಸು ಸಾಕಿದಾಕಿ ನಾನು!"

"ನಿನಗಿದ್ದ ಮಕ್ಕಳು ಇಬ್ರೇ ಅಲ್ಲೇನ ಆಯಿ?"

"ಆ ಇಬ್ರು ಹತ್ತು ಮಂದಿಯಷ್ಟು ಕಾಡ್ಯಾರ. ಕೂಸಿಗಿ ನನ್ನ ಹಂತೇಲಿ ಬಿಡು. ಟೀಚರ್, ಪಾಠಕ್ಕ ನನ್ನ ಅಂಗಳಾನೂ ತಗೋರಿ."

ಮರುದಿನ ಭಾಗಣ್ಣನೇ ಕೂಸನ್ನು ತಂದು ಮುದುಕಿಯ ತೊಡೆಯ ಮೇಲೆ ಕೂರಿಸಿದ. ಬಾಗಿಲಲ್ಲಿ ನೀರು, ಸಾಬೂನು. ಬಂದ ಓಣಿಯ ಮಕ್ಕಳಿಗೆಲ್ಲ ಮಾಸ್ಕ್. ಒಂದು ಫರಸಿಗೆ ಒಂದು ಮಗು, ನಡುವೆ ಎರಡು ಫರಸಿ ಖಾಲಿ. ಕುಳಿತ ಕಲ್ಲೇ ಪಾಟಿ. ಸೀಮೆಸುಣ್ಣದಲ್ಲಿ ಬರೆ, ಒದ್ದೆ ಬಟ್ಟೆಯಲ್ಲಿ ಒರೆಸು. ಮೊದಲ ವಾರ ಜಯಮಾಲಾ ಬರೆದದ್ದಕ್ಕಿಂತ ಅತ್ತದ್ದೇ ಹೆಚ್ಚು. ತಿಂಗಳಾಗುವುದರೊಳಗೆ ಅಕ್ಷರಗಳು ಒಂದರ ಕೈ ಒಂದು ಹಿಡಿದವು.

ಅಕ್ಕಂದಿರೇ, ಅಣ್ಣಂದಿರೇ, ಶಾಲೆಗೆ ಬೀಗ ಬಿದ್ದರೂ ಮಕ್ಕಳ ಕಲಿಕೆಗೆ ಬೀಳಬಾರದು. ನಿಮ್ಮ ಓಣಿಯಲ್ಲಿ ಪುಸ್ತಕ ಬಿಟ್ಟು ಕೆಲಸಕ್ಕೆ ನಡೆದ ಮಗು ಯಾವುದು? ಆ ಮನೆಯವರನ್ನು ಬೈಯಬೇಡಿ, ಅವರ ತೊಡಕು ಕೇಳಿ. ಜಾಗ ಇದ್ದವರು ಜಾಗ ಕೊಡಿ, ಬಿಡುವಿದ್ದವರು ಕೂಸು ನೋಡಿಕೊಳ್ಳಿ, ಟೀಚರಿಗೆ ಸುದ್ದಿ ಮುಟ್ಟಿಸಿ.

ಕೊನೆಗೆ ಶಾಲೆಯೂ ತೆರೆಯಿತು. ಮೊದಲ ದಿನ ಟೀಚರು "ಜಯಮಾಲಾ" ಎಂದು ಹಾಜರಿ ಕೂಗಿದರು. ಹುಡುಗಿ ಬಾಯಿ ತೆರೆಯುವ ಮೊದಲೇ ಕಿಟಕಿಯ ಹೊರಗಿನಿಂದ, ಮೈತುಂಬ ಕಲ್ಲಿನ ಧೂಳು ಮೆತ್ತಿಕೊಂಡ ಒಬ್ಬರು, ಎದೆ ಮತ್ತೆ ಒಂದು ಗೇಣು ಉಬ್ಬಿಸಿಕೊಂಡು, ಇಡೀ ರಾವೂರಿಗೆ ಕೇಳುವಂತೆ ಒದರಿದರು: "ಬಂದಾಳ್ರೀ!"

ಯಾರದು? ನೀವೇ ಹೇಳಿ ನೋಡೋಣ.