ಪ್ರಿಯದರ್ಶಿನಿ ಟೀಚರ್ ಅವರ ಬಸ್ಸು

ಓಡುವ ಬಸ್ಸಿನಲ್ಲಿ ಯಾವುದನ್ನೂ ಹಿಡಿಯದೆ ನಿಲ್ಲುವುದು ಒಂದು ಸಿದ್ಧಿ. ಸಿಂದಗಿಯಿಂದ ಇಂಡಿಗೆ ಹೋಗುವ ದಾರಿಯ ಹೊಂಡಗಳನ್ನು ಮೈಯಾರೆ ಬಲ್ಲವರು ಈ ಮಾತನ್ನು ಅತಿಶಯೋಕ್ತಿ ಎನ್ನಲಾರರು. ಗಟ್ಟಿ ಆಳುಗಳೇ ಸರಳಿಗೆ ಜೋತುಬಿದ್ದು ತೂಗಾಡುವಾಗ ಕಂಡಕ್ಟರ್ ಪ್ರಿಯದರ್ಶಿನಿ ಮಾತ್ರ ಕಾಲು ಕೊಂಚ ಅಗಲಿಸಿ, ಬೆನ್ನನ್ನು ನಡುಗಂಬಕ್ಕೆ ತಾಗಿಯೂ ತಾಗದಂತಿರಿಸಿ, ಎರಡೂ ಕೈಗಳನ್ನು ಟಿಕೆಟ್ ಯಂತ್ರಕ್ಕೆ ಒಪ್ಪಿಸಿ, ಕರಿಹಲಗೆಯ ಮುಂದೆ ನಿಂತಷ್ಟೇ ನಿರಾಳವಾಗಿ ನಿಂತಿರುತ್ತಾಳೆ. ಕರಿಹಲಗೆಯ ಮಾತು ಸುಮ್ಮನೆ ಬಂದದ್ದಲ್ಲ. ಖಾಕಿ ತೊಡುವ ಮೊದಲು ಆಕೆ ಇಂಡಿಯ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು.

ಶಾಲೆ ಬಿಟ್ಟರೂ ಶಾಲೆ ಆಕೆಯನ್ನು ಬಿಟ್ಟಿರಲಿಲ್ಲ. ಬಸ್ಸಿನ ಕೊನೆಯ ಸೀಟು ಆಕೆಯ ಬಾಯಲ್ಲಿ ಇಂದಿಗೂ "ಕಡೀ ಬೆಂಚು". ಯಾವ ಮಾತಾಡಿದರೂ ಅದರ ಬಾಲಕ್ಕೆ ಒಂದು ಪ್ರಶ್ನೆ ಅಂಟಿಕೊಂಡೇ ಬರುತ್ತದೆ. "ನಡುವ ಜಾಗಾ ಐತಿ, ಹಿಂದ ಸರೀರಿ, ತಿಳೀತಿಲ್ಲೊ?" ಎಂದು ಕೇಳಿದರೆ ರುಮಾಲು ಸುತ್ತಿದ ಹಲಸಂಗಿಯ ಮುದುಕರೂ, "ತಿಳೀತವ್ವಾ, ತಿಳೀತು," ಎಂದು ಒಂದನೆಯ ಇಯತ್ತೆಯ ಹುಡುಗರಂತೆ ಸರಿದು ನಿಲ್ಲುತ್ತಾರೆ. ಹೀಗಾಗಿ ಆ ದಾರಿಯ ಮಂದಿ ಆಕೆಯನ್ನು ಕಂಡಕ್ಟರ್ ಎಂದು ಕರೆದದ್ದೇ ಇಲ್ಲ. ಅವರಿಗೆ ಆಕೆ ಟೀಚರ್, ಅದು ಟೀಚರ್ ಬಸ್ಸು.

ನೆರಳಿನಲ್ಲಿ ಕುಳಿತು ಮಾಡುವ ಕೆಲಸ ಬಿಟ್ಟು ಧೂಳು ಕುಡಿಯುವ ಕೆಲಸಕ್ಕೆ ಯಾಕೆ ಬಂದಳು ಎಂಬುದು ಎಲ್ಲರ ಕುತೂಹಲ. ಖಾಸಗಿ ಶಾಲೆಯ ನೌಕರಿಗೆ ಭರವಸೆಯಿಲ್ಲ, ಇದು ಮುಂದೆ ಕಾಯಂ ಆಗುತ್ತದೆ ಎಂಬ ಲೋಕಸಮ್ಮತ ಕಾರಣವೊಂದು ಇದ್ದೇ ಇತ್ತು. ಗಂಡ ಬಸವಂತರಾಯ ಎಲ್ಲರಿಗೂ ಅದನ್ನೇ ಒಪ್ಪಿಸುತ್ತಿದ್ದ. ಅದೇ ಬಸ್ಸಿನಲ್ಲಿ ಓಡಾಡುವ ನಾನು ಒಮ್ಮೆ ಆಕೆಯನ್ನೇ ಕೇಳಿದಾಗ ಬೇರೆಯೇ ಉತ್ತರ ಬಂತು. "ಯಾರು ಎಲ್ಲಿಗೆ ಹೊಂಟಾರ, ಯಾಕ ಹೊಂಟಾರ ಅಂತ ತಿಳಕೊಳ್ಳೂದು ನನಗ ಸಣ್ಣಾಕಿದ್ದಾಗಿಂದ ಹುಚ್ಚರಿ. ಸಾಲ್ಯಾಗ ಕುಂತ್ರ ಅದು ಹೆಂಗ ತಿಳೀತೈತಿ?" ಅದೇ ಹುಚ್ಚಿನಿಂದಲೇ ಯಾರ ಮಗಳಿಗೆ ಸಿಂದಗಿಯ ವರ ಗೊತ್ತಾಯಿತು, ಯಾರ ತೊಗರಿಗೆ ಹುಳ ಬಿತ್ತು, ಯಾರ ಸೊಸೆ ತವರಿಂದ ಮರಳಲಿಲ್ಲ ಎಂಬುದೆಲ್ಲ ಆಕೆಗೆ ಅಂಗೈಯ ಗೆರೆಯಷ್ಟು ಪರಿಚಿತ. ಕೇಳಿದ್ದನ್ನು ಇನ್ನೊಬ್ಬರ ಮುಂದೆ ಆಡುವವಳಲ್ಲವಾದ್ದರಿಂದ ಜನ ಕೇಳದಿದ್ದರೂ ಹೇಳುತ್ತಿದ್ದರು.

ಸೊಸೆಯ ಈ ನೌಕರಿ ಅತ್ತೆ ಶಂಕ್ರೆವ್ವನಿಗೆ ಮೊದಲಿನಿಂದಲೂ ಗಂಟಲಲ್ಲಿ ಸಿಕ್ಕ ಮುಳ್ಳು. ಇಂಡಿಯ ದಾರಿಯಲ್ಲಿನ ತಮ್ಮ ತಾಂಬಾದಂಥ ದೊಡ್ಡ ಊರಿನಲ್ಲಿ, "ನಮ್ಮ ಸೊಸಿ ಮಾಸ್ತರಿಣಿ," ಎಂದು ಹೇಳಿಕೊಂಡು ತಿರುಗಿದ ಬಾಯಿ ಅದು. ಈಗ ಏನೆಂದು ಹೇಳಬೇಕು? ಸೊಸೆ ಬಸುರಿಯಾದಾಗ, ಇನ್ನಾದರೂ ಈ ತಿರುಗಾಟ ತಪ್ಪೀತೆಂದು ಆಕೆ ಒಳಗೊಳಗೇ ಹಿಗ್ಗಿದಳು. ಪ್ರಿಯದರ್ಶಿನಿಯಾದರೋ ಸಿಂಪಿಗನಿಂದ ಖಾಕಿ ಕೋಟಿನ ಹೊಲಿಗೆ ಬಿಚ್ಚಿಸಿ ಎರಡು ಮೈ ಹಿಡಿಯುವಷ್ಟು ದೊಡ್ಡದಾಗಿ ಹೊಲಿಸಿಕೊಂಡು, ಕುಬಸದ, ಅಂದರೆ ಸೀಮಂತದ, ಹಿಂದಿನ ದಿನದವರೆಗೂ ಡ್ಯೂಟಿ ಮಾಡಿದಳು. ಹೆರಿಗೆಯಾಯಿತು, ಹೆಣ್ಣುಕೂಸು. ತೊಟ್ಟಿಲಿಗೆ ಹಾಕಿ, ಪದ್ಧತಿಯಂತೆ ಸೋದರತ್ತೆ ಬೆನ್ನಿಗೆ ಗುದ್ದು ತಿನ್ನುತ್ತ ಕಿವಿಯಲ್ಲಿ 'ಕಾವೇರಿ' ಎಂದು ಕೂಗಿದ್ದೂ ಆಯಿತು. ರಜೆ ಮುಗಿದ ಮರುದಿನವೇ ಬಾಣಂತಿ ಮತ್ತೆ ಬಸ್ಸು ಹತ್ತಿದಳು, ಮೈ ಇಳಿದರೂ ಕೋಟನ್ನು ಮಾತ್ರ ಸಣ್ಣದು ಮಾಡಿಸಲಿಲ್ಲ.

ಅದಕ್ಕೊಂದು ಕಾರಣವಿತ್ತು. ಕೂಸು ಬಾಟಲಿಯ ಹಾಲನ್ನು ಮೂಸಿಯೂ ನೋಡಲೊಲ್ಲದು. ಬಸ್ಸು ತಾಂಬಾದಲ್ಲಿ ಚಹಾಕ್ಕೆಂದು ಹೇಗೂ ನಿಲ್ಲುತ್ತಿತ್ತು. ಶಂಕ್ರೆವ್ವ ಗೊಣಗುತ್ತಲೇ ಕೂಸನ್ನೆತ್ತಿಕೊಂಡು ನಿಲ್ದಾಣಕ್ಕೆ ಬರುವಳು, ಗಂಡಸರು ತಾವಾಗಿಯೇ ಇಳಿದು ಚಹಾದಂಗಡಿಗೆ ಹೋಗುವರು, ತಾಯಿ ಮುಂದಿನ ಸೀಟಿನಲ್ಲಿ ಕುಳಿತು ಆ ಅಗಲವಾದ ಕೋಟಿನ ಮರೆಯಲ್ಲಿ ಮಗಳಿಗೆ ಹಾಲೂಡಿಸುವಳು. ಹೀಗೆ ಒಂದು ಮನೆಯ ಸಂಭ್ರಮಗಳೆಲ್ಲ ಒಂದು ಬಸ್ಸಿನ ಸಂಭ್ರಮಗಳಾದವು. ಕೂಸು ಬೋರಲು ಬಿದ್ದಾಗ ಪೇಢೆ ಹಂಚಿದರು. ಮೊದಲ ಹಲ್ಲು ಮೂಡಿದ ಸುದ್ದಿ ಇಂಡಿ ಮುಟ್ಟುವ ಮೊದಲೇ ಕಡೀ ಬೆಂಚಿಗೆ ಮುಟ್ಟಿತು. ಚಾಲಕ ಖಾಜಾಸಾಬ, "ನಮ್ಮ ಗಾಡಿ ಎಣ್ಣಿ ಮ್ಯಾಲ ಅಲ್ಲ, ಹಾಲಿನ ಮ್ಯಾಲ ನಡೀತೈತಿ," ಎಂದು ಕಂಡಕಂಡವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಒಂದು ದಿನ ಎಡವಟ್ಟಾಯಿತು. ಹಲ್ಲಿನ ನೋವಿಗೋ ಏನೋ, ಕೂಸು ಅಂದು ಹಟ ಹಿಡಿದು ಎದೆ ಬಿಡಲಿಲ್ಲ. ಹಿಂದೆ ಬಂದು ನಿಂತ ಬಸ್ಸು ಹಾರ್ನ್ ಮೇಲೆ ಹಾರ್ನ್ ಹೊಡೆಯತೊಡಗಿತು. "ನೀ ಗಾಡಿ ಬಿಡಿಸವ್ವಾ, ನಾ ಮುಂದಿನ ಊರಾಗ ಇಳಿದು ಎದುರು ಗಾಡಿಗಿ ಬರ್ತೇನಿ," ಎಂದು ಶಂಕ್ರೆವ್ವ ಸೊಸೆಯ ಮಗ್ಗುಲಲ್ಲೇ ಕುಳಿತಳು. ಹೆಂಗಸರಿಗೆ ಈಗ ಬಸ್ಸು ಪುಕ್ಕಟೆ, ನಿಜ. ಆದರೆ ಪುಕ್ಕಟೆಯಾದರೂ ಪ್ರತಿಯೊಬ್ಬ ಹೆಂಗಸಿಗೂ ಸೊನ್ನೆ ರೂಪಾಯಿಯ ಟಿಕೆಟೊಂದನ್ನು ಕೊಡಲೇಬೇಕು, ಕೊಡದಿದ್ದರೆ ತಪ್ಪು ಕಂಡಕ್ಟರನದು. ನಮ್ಮ ಕಡೆಯ ಸೊಸೆ ಅತ್ತೆಗೆ ತಟ್ಟೆ ಹಚ್ಚಿ ಕೊಟ್ಟಾಳು, ಸೆರಗೊಡ್ಡಿ ನಮಸ್ಕಾರ ಮಾಡಿಯಾಳು, ಟಿಕೆಟ್ ಹರಿದು ಕೊಡುವುದು ಎಲ್ಲಿಯ ಮಾತು? ಕೊಡುವ ಯೋಚನೆ ಸೊಸೆಗೆ ಬರಲಿಲ್ಲ, ಕೇಳುವ ಯೋಚನೆ ಅತ್ತೆಗೂ ಬರಲಿಲ್ಲ. ಮುಂದಿನ ತಿರುವಿನಲ್ಲಿ ಟಿಕೆಟ್ ತನಿಖೆಯ ಚಂದಪ್ಪ ಕೈ ಮಾಡಿ ಬಸ್ಸು ಹತ್ತಿದ.

"ಅವ್ವಾರ, ಟಿಕೀಟ ತೋರಸ್ರಿ," ಎಂದಾಗ ಶಂಕ್ರೆವ್ವನ ಬಾಯಿಂದ ಉತ್ತರ ಬಾಣದಂತೆ ಬಂತು. "ಕೊಟ್ಟಿದ್ಲೋ ಯಪ್ಪಾ, ಈ ಕೂಸು ಕಸಗೊಂಡು ನುಂಗೇ ಬಿಡ್ತು ನೋಡು!"

ಬಸ್ಸಿಗೆ ಬಸ್ಸೇ, "ಹೌದ್ರಿ, ನುಂಗಿದ್ದು ನಾವೂ ನೋಡೇವಿ," ಎಂದು ಸಾಕ್ಷಿ ನುಡಿಯಿತು. ಚಂದಪ್ಪನೂ ಮಕ್ಕಳೊಂದಿಗ, ಮೀಸೆಯಡಿಯಲ್ಲಿ ನಕ್ಕು ಮುಂದಿನ ಸಾಲಿಗೆ ಸರಿಯುವವನಿದ್ದ. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆಗ ಪ್ರಿಯದರ್ಶಿನಿ ಎದ್ದು ನಿಂತಳು.

"ಇಲ್ಲರಿ ಸರ. ಅತ್ತಿಗಿ ನಾ ಟಿಕೀಟ ಕೊಟ್ಟಿಲ್ಲ. ಕೊಡಬೇಕಾಗಿತ್ತು, ಕೊಟ್ಟಿಲ್ಲ. ಬರಕೋರಿ."

ಚಂದಪ್ಪ ನಗು ನಿಲ್ಲಿಸಿ, ಪುಸ್ತಕ ತೆಗೆದು ಬರೆದುಕೊಂಡ. ಆಕೆಯ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಶಂಕ್ರೆವ್ವನ ಮುಖ ಕಪ್ಪಿಟ್ಟಿತು. "ಮಂದಿ ಮುಂದ ನನ್ನ ಸುಳ್ಳಿ ಮಾಡಿದೆಲ್ಲ," ಎಂದವಳು ಮುಂದಿನ ಊರಿನಲ್ಲಿ ಕೂಸನ್ನೆತ್ತಿಕೊಂಡು ತಿರುಗಿ ನೋಡದೆ ಇಳಿದುಹೋದಳು.

ಆಮೇಲಿನ ದಿನಗಳಲ್ಲಿ ಆ ಮನೆಯ ಮಾತೆಲ್ಲ ಕೂಸಿನ ಮೂಲಕ ನಡೆಯಿತು. "ನಿಮ್ಮವ್ವಗ ಹೇಳು, ರೊಟ್ಟಿ ಬುಟ್ಟ್ಯಾಗ ಅದಾವು," ಎಂದು ಅತ್ತೆ ಮೊಮ್ಮಗಳಿಗೆ ಹೇಳುವಳು, ಮೊಮ್ಮಗಳು ಹೊಸ ಹಲ್ಲು ತೋರಿಸಿ ನಗುವಳು. ಬಸವಂತರಾಯ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ. ಒಂದು ರಾತ್ರಿ ಉಣ್ಣುವಾಗ ತಡೆಯಲಾರದೆ, ಸಣ್ಣದೊಂದು ಸುಳ್ಳಿಗೆ ಇಷ್ಟೆಲ್ಲ ಯಾಕೆ ಬೇಕಿತ್ತು ಎಂದು ಹೆಂಡತಿಯನ್ನು ಕೇಳಿಯೇಬಿಟ್ಟ.

"ಕೂಸು ಇನ್ನೂ ಒಂದು ಮಾತು ಆಡಿಲ್ಲ," ಎಂದಳು ಪ್ರಿಯದರ್ಶಿನಿ. "ಅದು ಮಾತು ಕಲಿಯೂದರೊಳಗ ಅದರ ಬಾಯಾಗ ನಾವು ಸುಳ್ಳ ಇಡೂದಾ? ನನ್ನ ತಪ್ಪು ನಾ ಹೊರತೇನಿ. ಕೂಸಿನ ಮ್ಯಾಲ ಹೊರಸಬ್ಯಾಡ್ರಿ, ತಿಳೀತಿಲ್ಲೊ?"

ಒಲೆಯ ಮುಂದಿದ್ದ ಶಂಕ್ರೆವ್ವ ಕೇಳಿಸಿಕೊಂಡಳು.

ಮೇಲಿನವರು ನೌಕರಿಯಿಂದ ತೆಗೆಯಲಿಲ್ಲ. ಎಚ್ಚರಿಕೆ ಕೊಟ್ಟು, ಆಕೆಯನ್ನು ಸಿಂದಗಿಯಿಂದ ಮುದ್ದೇಬಿಹಾಳಕ್ಕೆ ಹೋಗುವ ಬಸ್ಸಿಗೆ ಹಾಕಿದರು. ಕೇಳುವವರಿಗೆ ಇದು ಶಿಕ್ಷೆಯೇ ಅಲ್ಲ, ಎದೆಯಲ್ಲಿ ಹಾಲಿರುವವಳಿಗೆ ಮಾತ್ರ ಇದಕ್ಕಿಂತ ದೊಡ್ಡದಿಲ್ಲ. ಆ ದಾರಿಯಲ್ಲಿ ತಾಂಬಾ ಇಲ್ಲ. ಮೊದಲ ದಿನ ಮುದ್ದೇಬಿಹಾಳದಿಂದ ಮರಳುವಾಗ ಆಕೆಯ ಎದೆ ಕಲ್ಲಾಗಿ, ಕೋಟು ಒದ್ದೆಯಾಗಿ, ಅಪರಿಚಿತ ಮುಖಗಳ ನಡುವೆ ಕಣ್ಣು ತುಂಬಿ ಬಂತು. ಯಾರು ಎಲ್ಲಿಗೆ ಹೊರಟಿದ್ದಾರೆಂಬ ಕುತೂಹಲ ಮೊದಲ ಬಾರಿಗೆ ಸತ್ತಿತ್ತು. ಓಡುವ ಬಸ್ಸಿನಲ್ಲಿ ಆಕೆ ಅಂದು ಸರಳನ್ನು ಹಿಡಿದು ನಿಂತಿದ್ದಳಂತೆ. ಸಾಕು, ಸಂಜೆ ರಾಜೀನಾಮೆ ಕೊಟ್ಟು ಮತ್ತೆ ಶಾಲೆಯ ಬಾಗಿಲು ಬಡಿಯುವುದೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು.

ಮಧ್ಯಾಹ್ನ ಸಿಂದಗಿಯ ನಿಲ್ದಾಣದಲ್ಲಿ ಬಸ್ಸಿನಿಂದ ಇಳಿದರೆ, ಎದುರಿನ ಕಲ್ಲುಬೆಂಚಿನ ಮೇಲೆ ಶಂಕ್ರೆವ್ವ ಕುಳಿತಿದ್ದಳು. ತೊಡೆಯ ಮೇಲೆ ಕಾವೇರಿ, ಸೆರಗಿನ ತುದಿಯಲ್ಲಿ ಗಂಟು. ಸೊಸೆಯನ್ನು ಕಂಡವಳೇ ಗಂಟು ಬಿಚ್ಚಿ, ಬೆವರಿಗೆ ಮೆತ್ತಗಾದ ಸೊನ್ನೆ ರೂಪಾಯಿಯ ಟಿಕೆಟನ್ನು ಆಕೆಯ ಮುಂದೆ ಹಿಡಿದಳು.

"ತಗಿಸೇನಿ ನೋಡು. ದಿನಾ ತಗಸ್ತೇನಿ, ದಿನಾ ಬರ್ತೇನಿ. ನೌಕರಿ ಬಿಡೂ ವಿಚಾರ ನಿನ್ನ ಮಾರಿ ಮ್ಯಾಲ ಕಾಣತೈತಿ. ಸುಳ್ಳ ಹೇಳಿದಾಕಿ ನಾ, ನೌಕರಿ ನೀ ಯಾಕ ಬಿಡ್ತಿ? ಹಿಡಿ, ಹಸದೈತಿ ಕೂಸು."

ಪ್ರಿಯದರ್ಶಿನಿ ಕೂಸನ್ನು ಕೋಟಿನೊಳಗೆ ಎಳೆದುಕೊಂಡು ಅತ್ತೆಯ ಮಗ್ಗುಲಲ್ಲೇ ಕುಳಿತು, ಬಿಕ್ಕಿ ಬಿಕ್ಕಿ ಅತ್ತಳು. ಶಂಕ್ರೆವ್ವ ಬಿಸಿಲಿಗೆ ಅಡ್ಡವಾಗಿ ಸೆರಗು ಹಿಡಿದಳು.

ಕೆಲಸ ಬದಲಿಸುವವರನ್ನು ಲೋಕ ಚಂಚಲರೆಂದು ಜರೆಯುತ್ತದೆ. ನನಗೆ ಕಂಡಮಟ್ಟಿಗೆ, ಕೆಲವರು ಊರು, ಉಡುಪು, ಉದ್ಯೋಗ ಏನನ್ನೇ ಬದಲಿಸಿದರೂ ಒಳಗಿನ ಒಂದು ಕಾಳನ್ನು ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ. ಬಿಟ್ಟುಕೊಟ್ಟರೆ ಬದುಕು ಸಲೀಸು ಎಂದು ಗೊತ್ತಿದ್ದರೂ ಕೊಡುವುದಿಲ್ಲ. ಅಂಥವರೊಡನೆ ಒಂದೇ ಸೂರಿನಡಿ ಬಾಳುವುದು ಸುಖದ ಮಾತಲ್ಲ. ಅವರ ನೆಟ್ಟಗಿನ ನಡೆ ಮೊದಲು ಚುಚ್ಚುವುದು ಮನೆಯವರನ್ನೇ. ಚುಚ್ಚಿಸಿಕೊಂಡವರು ಕೆಲ ದಿನ ಮುನಿಯುತ್ತಾರೆ, ಮಾತು ಬಿಡುತ್ತಾರೆ, ಆಮೇಲೊಂದು ಬೆಳಿಗ್ಗೆ ಯಾರಿಗೂ ಹೇಳದೆ ಕೂಸನ್ನು ಕಂಕುಳಿಗೇರಿಸಿಕೊಂಡು ಬಸ್ಸು ಹತ್ತುತ್ತಾರೆ.